ಐವತ್ತು ವ್ಯಾಟಿನ ಆಚೆ

ದೂರಸಂಪರ್ಕ ಇಲಾಖೆಯ ತಪಾಸಣಾಧಿಕಾರಿ ಬಂದು ಪ್ರಸಾರದ ಯಂತ್ರ ಆರಿಸಿದಾಗ ನಿರೂಪಕಿ ಮೈಕಿನ ಮುಂದೆ ಅರ್ಧ ಮಾತಿನಲ್ಲಿದ್ದಳು. ಮೀನುಗಾರರ ಓಣಿಯ ಆ ಪುಟ್ಟ ಬಾನುಲಿ ಕೇಂದ್ರ ಹಾಗೆ ಮೂಕವಾಯಿತು.

"ನಿಮಗೆ ಪರ್ಮಿಷನ್ ಇರೋದು ಐವತ್ತು ವ್ಯಾಟಿಗೆ. ಬೆಳಗಿನ ಜಾವ ಅದರ ಐದು ಪಟ್ಟು ಹೋಗ್ತಿದೆ. ವಿಮಾನ ಇಳಿಸೋರ ಕಿವೀಲಿ ನಿಮ್ಮ ಮಾತು ಕೇಳಿಸ್ತಿದೆ," ಎಂದರು ಅಧಿಕಾರಿ. ಯಂತ್ರದ ಪೆಟ್ಟಿಗೆಯ ಕೀಲಿ ಇದ್ದದ್ದು ಕೇಂದ್ರದ ತಂತ್ರಜ್ಞನ ಬಳಿ. ಕೇಸು ಅವನ ಕೊರಳಿಗೇ ಬೀಳುವುದರಲ್ಲಿತ್ತು.

"ಅಕ್ಕಾ, ನಾನು ಮುಟ್ಟಿಲ್ಲ," ಎಂದ ಅವನು.

ನಿರೂಪಕಿ ನೇರವಾಗಿ ದೊಡ್ಡಪ್ಪನ ಮನೆಗೆ ಹೋದಳು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೂ ಓಣಿಯ ಕಳವು, ಜಗಳಗಳ ಗಂಟು ಬಿಚ್ಚುತ್ತಿದ್ದವರು ಅವರೇ. ಅವರು ಎಲ್ಲಿಗೆ ಹೊರಟರೂ ಜೊತೆಗೆ ಅವಳು ಇರಲೇಬೇಕು.

ಇಬ್ಬರೂ ಕೇಂದ್ರಕ್ಕೆ ಬಂದು ನೋಡಿದರು. ಯಂತ್ರದ ಪೆಟ್ಟಿಗೆಯ ಮೇಲೆ ಇಲಾಖೆಯ ಮೊಹರು ಮುಕ್ಕಾಗಿರಲಿಲ್ಲ. ಮೇಜಿನ ಕೆಳಗಿನ ಧೂಳಿನಲ್ಲಿ ಮಾತ್ರ ಚೌಕವೊಂದು ಚೊಕ್ಕಟವಾಗಿತ್ತು. ಆಂಟೆನಾ ತಂತಿಯ ತಿರುಪಿನ ಮೇಲೆ ಇಕ್ಕಳದ ಹಲ್ಲಿನ ಗುರುತುಗಳಿದ್ದವು.

"ಬೆಳಿಗ್ಗೆ ಮೊದಲು ಬಾಗಿಲು ತೆಗೆಯೋರು ಯಾರಮ್ಮ?" ಎಂದರು ದೊಡ್ಡಪ್ಪ.

"ಟೀಚರಮ್ಮ. ಕೇಂದ್ರ ಅವರದೇ ಅಲ್ವಾ? ಗಾಳಿ-ಮಳೆ ಸುದ್ದಿ ಅವರೇ ಓದ್ತಾರೆ. ನಾನು ಬರೋ ಹೊತ್ತಿಗೆ ಚೀಲ ಹಿಡ್ಕೊಂಡು ಹೊರಟಿರ್ತಾರೆ. ಕೊಡಿ ಅಂದ್ರೆ, ಭಾರ ಇದೆ ಬಿಡು ಅಂತಾರೆ."

ದೊಡ್ಡಪ್ಪ ಬಗ್ಗಿ ಧೂಳಿನ ಚೌಕವನ್ನು ಇನ್ನೊಮ್ಮೆ ನೋಡಿದರು. "ಇದನ್ನ ಹುಡುಕದೇ ಇದ್ದಿದ್ರೆ ಚೆನ್ನಾಗಿತ್ತು," ಎಂದರು.

ಸಂಜೆ ಟೀಚರಮ್ಮ, ಅಧಿಕಾರಿ, ಎಲ್ಲರೂ ಕೇಂದ್ರದ ಕೋಣೆಯಲ್ಲಿ ಸೇರಿದರು.

"ಮೊಹರು ಹಾಗೇ ಇದೆ ಅಂದ್ರೆ ಯಂತ್ರದ ಒಳಗೆ ಯಾರೂ ಕೈ ಹಾಕಿಲ್ಲ," ಎಂದು ದೊಡ್ಡಪ್ಪ ಶುರು ಮಾಡಿದರು. "ಯಂತ್ರಕ್ಕೂ ಆಂಟೆನಾಕ್ಕೂ ನಡುವೆ ಶಕ್ತಿ ಹೆಚ್ಚಿಸೋ ಒಂದು ಬೂಸ್ಟರ್ ಸೇರಿಸಿದ್ರು. ಧೂಳಲ್ಲಿರೋದು ಅದರ ಅಚ್ಚು. ತಂತ್ರಜ್ಞ ಆಗಿದ್ರೆ ಸ್ಪ್ಯಾನರ್ ಹಿಡೀತಿದ್ದ. ಮನೆ ಇಕ್ಕಳದಲ್ಲಿ ತಿರುಪು ಕಚ್ಚಿಸಿರೋದು ಈ ಕೆಲಸ ಗೊತ್ತಿಲ್ಲದ ಕೈ. ತಪ್ಪು ಆಗಿದ್ದು ಬೆಳಗಿನ ಜಾವ ಮಾತ್ರ. ಆಗ ಇಲ್ಲಿರೋದು ಒಬ್ಬರೇ. ಅವರು ಹೋಗುವಾಗ ಚೀಲ ಭಾರ ಇರ್ತಿತ್ತು."

ಟೀಚರಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಅಧಿಕಾರಿಯ ಕಡೆ ತಿರುಗಿದರು.

"ಐವತ್ತು ವ್ಯಾಟು ಗುಡ್ಡದ ತುದಿ ದಾಟಲ್ಲ ಸಾರ್. ಅಲ್ಲಿಂದಾಚೆ ಕಡಲಲ್ಲಿ ಮೊಬೈಲೂ ಸಿಗಲ್ಲ. ಹೋದ ವರ್ಷ ಗಾಳಿ ಎದ್ದಾಗ ನಾನು ಇಲ್ಲಿ ಗಂಟಲು ಹರಿಯೋ ಹಾಗೆ ಕೂಗಿದೆ, ಒಂದು ದೋಣಿಗೂ ಕೇಳಿಸಲಿಲ್ಲ. ಜಾಸ್ತಿ ಕೊಡಿ ಅಂತ ನಿಮ್ಮ ಆಫೀಸಿಗೆ ಅಲೆದು ಅಲೆದು ಚಪ್ಪಲಿ ಸವೀತು."

"ಸಣ್ಣ ಕೇಂದ್ರಗಳಿಗೆಲ್ಲ ಒಂದೇ ಮಿತಿ ಅಮ್ಮ. ಅದನ್ನ ಹೆಚ್ಚಿಸೋ ಅಧಿಕಾರ ನನಗಿಲ್ಲ. ವಿಮಾನದಲ್ಲಿ ಕೂತೋರೂ ಮನುಷ್ಯರೇ ಅಲ್ವಾ?" ಎಂದರು ಅಧಿಕಾರಿ.

"ಅಲ್ಲೀವರೆಗೆ ಕೇಳುತ್ತೆ ಅಂತ ಗೊತ್ತಿರಲಿಲ್ಲ," ಎಂದರು ಟೀಚರಮ್ಮ, ತಗ್ಗಿದ ದನಿಯಲ್ಲಿ.

ಪರವಾನಗಿ ಇದ್ದವರದೇ ತಪ್ಪಾದಾಗ ರದ್ದು ಮಾಡದೆ ಬೇರೆ ದಾರಿಯಿರಲಿಲ್ಲ. ಅಧಿಕಾರಿ ಬಾಗಿಲಿಗೆ ಮುದ್ರೆ ಒತ್ತಿದರು. ತಂತ್ರಜ್ಞ ದೊಡ್ಡಪ್ಪನ ಕಾಲಿಗೆ ಬಿದ್ದ. ಅವರು ಅವನನ್ನು ಎಬ್ಬಿಸಿ, ಅವನ ಮುಖ ನೋಡದೆ ಹೊರಟುಬಿಟ್ಟರು.

ಮರುವಾರ ಒಂದು ಬೆಳಿಗ್ಗೆ ಟೀಚರಮ್ಮ ದಂಡೆಗೆ ಓಡಿ ಬಂದರು. "ಹವಾಮಾನದವರು ಫೋನ್ ಮಾಡಿದ್ರು, ಮಧ್ಯಾಹ್ನಕ್ಕೆ ಗಾಳಿ ಏಳುತ್ತಂತೆ. ದೋಣಿ ಹೋದ್ವಾ?"

"ಎಲ್ಲ ಹೋದ್ವು," ಎಂದಳು ನಿರೂಪಕಿ. ಅವಳ ಗಂಡನೂ ಹೋಗಿದ್ದ. ಕಡಲು ಇನ್ನೂ ಎಣ್ಣೆ ಸವರಿದ ಹಾಗೆ ಶಾಂತವಾಗಿತ್ತು. ಇಬ್ಬರೂ ನೋಡುತ್ತ ನಿಂತರು. ಮಾಡುವುದಕ್ಕೆ ಬೇರೇನೂ ಇರಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ಕತ್ತಲಾಗುವುದರೊಳಗೆ ಅವಳ ಗಂಡ ಬಂದ. ಒಂದು ದೋಣಿ ಬಿಟ್ಟು ಉಳಿದವೆಲ್ಲ ಬಂದವು. ಬಾರದೆ ಉಳಿದದ್ದು ತಂತ್ರಜ್ಞನ ತಮ್ಮನದು.

ತಂತ್ರಜ್ಞ ಮರಳಿನ ಮೇಲೆ ಕೂತಿದ್ದ. ದೊಡ್ಡಪ್ಪ ಹೋಗಿ ಅವನ ಪಕ್ಕದಲ್ಲಿ ಕೂತರು.