ಗೇಟಿನ ಮೇಲಿನ ಚೀಲ

ಚಿಕ್ಕಮ್ಮ ಹಿತ್ತಿಲ ಬಾಗಿಲಲ್ಲಿ ಬಿದ್ದಿದ್ದರು. ತಲೆಯ ರಕ್ತ ಒಣಗಿತ್ತು. ಉಸಿರಿತ್ತು, ಎಚ್ಚರವಿರಲಿಲ್ಲ. ಪೆಟ್ಟು ಬಿದ್ದದ್ದು ಹಿಂದಿನ ಸಂಜೆ ಎಂದರು ಆಸ್ಪತ್ರೆಯ ವೈದ್ಯರು.

ಹಾಗಾದರೆ ಬೆಳಿಗ್ಗೆ ಅವರ ಗೇಟಿಗೆ ಚೀಲ ಹಾಕಿದ್ದು ಯಾರು?

ಪೇಟೆಯ ಅಂಗಡಿಗಳನ್ನು ಬಯಲಿನ ಒಂಟಿ ಮನೆಗಳಿಗೆ ಬೆಸೆದಿದ್ದು ಚಿಕ್ಕಮ್ಮನ ಅಕ್ಕನ ಮಗಳು ನಡೆಸುವ ವ್ಯಾನು. ಬೆಳಿಗ್ಗೆ ಗೇಟಿನಲ್ಲಿ ಖಾಲಿ ಚೀಲ ಕಂಡರೆ ಮನೆಯವರು ಕ್ಷೇಮ. ಚಾಲಕ ಅದನ್ನೊಯ್ದು ಸಾಮಾನು ತುಂಬಿಸಿ ತಂದು ಗೇಟಿನಲ್ಲಿಡುತ್ತಾನೆ. ಚೀಲವಿಲ್ಲದಿದ್ದರೆ ಒಳಗೆ ಹೋಗಿ ನೋಡಲೇಬೇಕು. ಆ ದಿನ ಚೀಲವಿತ್ತು. ಮಧ್ಯಾಹ್ನ, ಎಣ್ಣೆ ಡಬ್ಬ ಭಾರವೆಂದು ಚಾಲಕ ಒಳಗೊಯ್ಯದಿದ್ದರೆ ಅವರು ಉಳಿಯುತ್ತಿರಲಿಲ್ಲ.

ಸುದ್ದಿ ಹಬ್ಬಿತು. ಹಗಲಲ್ಲೇ ಮನೆಗಳ ಚಿಲಕ ಬಿದ್ದವು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಅದೇ ವ್ಯಾನಿನಲ್ಲಿ, ಚಾಲಕ ಮತ್ತು ಅಕ್ಕನ ಮಗಳ ಜೊತೆ, ಚಿಕ್ಕಮ್ಮನ ಮನೆಗೆ ಬಂದರು.

“ಚೀಲನೇ ಸುಳ್ಳು ಹೇಳಿದ್ರೆ ಜನ ಇನ್ನೇನನ್ನ ನಂಬ್ತಾರೆ, ಮೇಡಂ?” ಆ ಹುಡುಗಿ ಕೇಳಿದಳು.

“ಮೊನ್ನೆ ಸಂಜೆ ಯಾರು ಬಂದಿದ್ರು?”

“ಪಕ್ಕದ್ಮನೆ ಮಾವ — ಬೇಲಿ ಜಗಳ. ಆಮೇಲೆ ಔಷಧಿ ಅಂಗಡಿಯವರು. ಮಾತ್ರೆ ನಾಟ್ತಿಲ್ಲ ಅಂತ ಚಿಕ್ಕಮ್ಮ ದೂರಿದ್ರು, ಅದಕ್ಕೆ.”

ಪಕ್ಕದ ಮನೆಯಾತ ಬೇಲಿಯಾಚೆಯಿಂದಲೇ ಕೂಗಿದ. “ಬೈದಿದ್ದು ನಿಜ! ಅತ್ತಿಗೆ ನನಗೇನು ಕಮ್ಮಿ ಬೈದ್ರಾ? ಅಷ್ಟಕ್ಕೆ ತಲೆ ಒಡೀತಾರಾ?”

ಅವನ ಗೇಟಿನ ಚೀಲದ ಗಂಟು ಬಿಚ್ಚಲು ಚಾಲಕ ಹಲ್ಲು ಕಚ್ಚಿ ಗುದ್ದಾಡುತ್ತಿದ್ದ. ಇನ್‌ಸ್ಪೆಕ್ಟರ್ ಸುಮ್ಮನೆ ನೋಡಿದರು.

“ನಿನ್ನೆ ಚಿಕ್ಕಮ್ಮನ ಚೀಲಾನೂ ಹೀಗೇ ಬಿಚ್ಚಿದ್ರಾ?”

“ಇಲ್ಲ... ಎತ್ಕೊಂಡೆ ಅಷ್ಟೆ. ಹಿಡಿ ಸರಳಿಗೆ ಸಿಕ್ಕಿಸಿತ್ತು. ಗಂಟೇ ಇರಲಿಲ್ಲ!”

“ಈ ಗಾಳಿಗೆ ಗಂಟು ಹಾಕದೆ ಬಿಡೋರು ಇಲ್ಲಿ ಯಾರಿದ್ದಾರೆ? ಪಕ್ಕದವರು ದಿನಾ ಕಟ್ತಾರೆ. ನೀವು ದಿನಾ ಬಿಚ್ತೀರಿ. ಚೀಲದ ಅರ್ಥ ಗೊತ್ತು, ಗಂಟು ಮಾತ್ರ ಗೊತ್ತಿಲ್ಲ — ಅಂಥೋರು ಪೇಟೆ ಅಂಗಡಿಯವರು. ಬಿಚ್ಚಿದ ಚೀಲವನ್ನಷ್ಟೇ ಕಂಡೋರು. ಅವರಲ್ಲಿ ಮೊನ್ನೆ ಇಲ್ಲಿಗೆ ಬಂದವನು ಒಬ್ಬನೇ. ಕಳಪೆ ಮಾತ್ರೆ ಮಾರಿದ್ದು ಬಯಲಾಗೋ ಭಯಕ್ಕೆ ಹೊಡೆದ.”

ಹುಡುಗಿ ಇನ್‌ಸ್ಪೆಕ್ಟರ್ ಕೈ ಹಿಡಿದಳು. “ಔಷಧಿ ಅಂಗಡಿಯವರಾ? ಆಸ್ಪತ್ರೇಲಿ ಚಿಕ್ಕಮ್ಮನ ಹತ್ರ ಕೂತಿರ್ತೀನಿ ಅಂದ್ರು... ನಾನೇ ಹೂಂ ಅಂದೆ!”

ಇನ್‌ಸ್ಪೆಕ್ಟರ್ ಆಸ್ಪತ್ರೆ ಕಾವಲಿನ ಪೇದೆಗೆ ಫೋನ್ ಮಾಡಿದರು.

“ಈಗಷ್ಟೇ ಒಳಗೆ ಹೋದ್ರು, ಮೇಡಂ. ಮಾತ್ರೆ ತಂದಿದ್ದಾರೆ.”

“ನುಗ್ಗು! ಹಿಡ್ಕೋ ಅವನನ್ನ!”

ಬಾಗಿಲು ಬಡಿದ ಸದ್ದು. ಕುರ್ಚಿ ಉರುಳಿತು. ಗಾಜು ಒಡೆಯಿತು. ಆಮೇಲೆ ಏನೂ ಇಲ್ಲ.

ಹುಡುಗಿ ಫೋನಿಗೆ ಕಿವಿಯಿಟ್ಟಳು.

ದೂರದಿಂದ, ಒಡೆದ ದನಿಯೊಂದು ಬಂತು: “ನಿನ್ನ ಮಾತ್ರೆ ನಾನು ನುಂಗಲ್ಲ ಅಂತ ಮೊನ್ನೇನೇ ಹೇಳಿದ್ನಲ್ಲೋ...”