ಅವನು ಓದದೇ ಹೋದ ಪ್ರಶ್ನೆ

"ಉಣ್ಣೆ ತೊಂದ್ರೆಯಾ? ಕಂಬ್ಳಿ ಮೈಗೆ ಚುಚ್ತದೆ, ಅಷ್ಟೆ. ಮತ್ತೆಂತದೂ ಇಲ್ಲ ಮಾರಾಯ್ತಿ," ಎಂದರು ಆ ಮನೆಯ ಅಜ್ಜಿ ಮಾಸ್ತಮ್ಮ.

ಅಶ್ವಿನಿಯ ಪೆನ್ನು ನಿಂತೇ ಬಿಟ್ಟಿತು. ಶಿಕಾರಿಪುರದ ಬಿ.ಎಸ್ಸಿ. ಹುಡುಗಿ ಅವಳು. ೧೯೯೬ರ ಎನ್‌ಎಸ್‌ಎಸ್ ಕ್ಯಾಂಪಿಗೆ ಸೊರಬ ತಾಲೂಕಿನ ಕ್ಯಾಸನೂರಿನ ಕಡೆಯ ಈ ಹಳ್ಳಿಗೆ ಬಂದು, ಮಂಗನ ಕಾಯಿಲೆ ಹರಡುವ ಹುಳದ ಬಗ್ಗೆ ಮನೆಮನೆ ಸರ್ವೆ ಮುಗಿಸಿದ್ದಳು; 'ಹೌದು' ಎಂದವರು ಇಷ್ಟು ಕಡಿಮೆಯೇಕೆಂದು ಇಂದು ಮಾಸ್ತಮ್ಮನನ್ನು ಮತ್ತೆ ಕೇಳಿದ್ದಳು. ದನದ ಮೈಗೆ ಕಚ್ಚಿಕೊಳ್ಳುವ ಆ ಹುಳಕ್ಕೆ ಅವಳ ಮನೆಯಲ್ಲಿ ಉಣ್ಣೆ ಎನ್ನುತ್ತಾರೆ. ಇಲ್ಲಿಯವರಿಗೆ ಉಣ್ಣೆಯೆಂದರೆ ಕಂಬಳಿಯದು. ಹುಳಕ್ಕೆ ಉಣುಗು ಎನ್ನಬೇಕು. ಐದು ದಿನ ಊರೆಲ್ಲ ಸುತ್ತಿ ಅವಳು ವಿಚಾರಿಸಿದ್ದು ಕಂಬಳಿಯ ಕಷ್ಟ! ಎಂಟು ಮನೆಯವರು ಮಾತ್ರ 'ಹೌದು' ಎಂದಿದ್ದರು, ಪಾಪ, ಹುಡುಗಿಗೆ ಬೇಜಾರಾಗದಿರಲಿ ಎಂದು.

ನಾಚಿಕೆಗಿಂತ ಮೊದಲು ಅವಳಿಗೆ ನೆನಪಾದದ್ದು ಅನೀಶ್. ಕ್ಯಾಂಪಿನ ಲೀಡರ್, ಕೊನೆಯ ವರ್ಷದವನು, ಸೊರಬದ ಹುಡುಗ. ಹಿಂದಿನ ದಿನವಷ್ಟೇ ಅಕ್ಕನ ಮದುವೆಗೆ ಹೊರಡುವಾಗ ಅವಳ ಸರ್ವೆ ಪುಸ್ತಕ ಕೇಳಿದ್ದ.

"ಫೇರ್ ಕಾಪಿ ಮಾಡಿ ತರ್ತೀನಿ."

"ನನ್ನ ಅಕ್ಷರ ಓದಕ್ಕಾಗುತ್ತೇನ್ರೀ?"

"ಒಂದೊಂದನ್ನೂ ಓದ್ತೀನಿ. ಅಷ್ಟೊತ್ತಾದ್ರೂ ನಿನ್ನ ಜೊತೆ ಇದ್ದಂಗಾಗ್ತದಲ್ಲ."

ಪುಸ್ತಕ ತೆಗೆದುಕೊಳ್ಳುವ ನೆಪದಲ್ಲಿ ಅವಳ ಬೆರಳು ಹಿಡಿದು, ಬಿಡಲು ಒಂದು ಕ್ಷಣ ಮರೆತವನಂತೆ ನಿಂತು, ಕಣ್ಣಿನಲ್ಲೇ ನಕ್ಕಿದ್ದ. ಅಂದು ಕ್ಯಾಂಪಿನ ಅಡುಗೆಗೆ ಎರಡು ಸಲ ಉಪ್ಪು ಬಿತ್ತು.

ಓದಿದರೆ ಅವನೇ ತಪ್ಪು ಹಿಡಿಯುತ್ತಾನೆ, ಎಷ್ಟು ರೇಗಿಸುತ್ತಾನೋ ಎಂದುಕೊಳ್ಳುತ್ತಲೇ ಅಶ್ವಿನಿ ಮೂರು ದಿನ ಅರವತ್ತು ಮನೆಗಳನ್ನೂ ಮತ್ತೆ ಸುತ್ತಿದಳು. ಈ ಸಲ ಉಣುಗು ಎಂದು ಕೇಳಿದಳು. ನಲವತ್ಮೂರು ಮನೆ ಹೌದೆಂದಿತು.

ಕಾಲೇಜಿಗೆ ಮರಳಿದ ಮೇಲೆ "ಫೇರ್ ಆಗ್ತಾ ಇದೆ" ಎಂದಷ್ಟೇ ಅನೀಶ್ ಹೇಳುತ್ತಿದ್ದ. ಅವನಾಗಿಯೇ ಬಂದು ರೇಗಿಸಲಿ, ಆಗ ಹೊಸ ಲೆಕ್ಕ ಕೊಡೋಣ ಎಂದು ಇವಳು ಕಾದಳು. ಕಾಯುವುದೂ ಒಂದು ಸುಖವಾಗಿತ್ತು.

ತಿಂಗಳಾದ ಮೇಲೆ ಸೆಮಿನಾರ್. ವೇದಿಕೆ ಹತ್ತಿದ ಅನೀಶ್ ಗಂಟಲು ಸರಿಪಡಿಸಿಕೊಂಡ. "ಇದು ನಾನೊಬ್ಬನೇ ನಡೆಸಿದ ಸಂಶೋಧನೆ. ಅರವತ್ತು ಮನೆಗಳಲ್ಲಿ ಎಂಟರಲ್ಲಿ ಮಾತ್ರ ಹುಳದ ತೊಂದರೆ ಕಂಡುಬಂದಿದೆ."

ಅಶ್ವಿನಿಯ ಹಳೆಯ ಲೆಕ್ಕವೇ ಅದು. ಅವನು ಅವಳ ಕಡೆ ನೋಡಲೇ ಇಲ್ಲ.

"ಎಂಟೇ ಮನೆ ಅಂದ್ರೆ," ಎಂದರು ಅತಿಥಿಯಾಗಿ ಬಂದಿದ್ದ ಡಾಕ್ಟರು, "ಹುಳ ಹತ್ತದಂಗೆ ಮೈಗೆ ಹಚ್ಚೋ ಎಣ್ಣೆನ ಬೇರೆ ಊರಿಗೆ ಕಳಿಸೋಣ."

ಅವಳು ಎದ್ದು ನಿಂತಳು. ಮಾತಾಡಿದರೆ ಅವನು ಕೈತಪ್ಪುತ್ತಾನೆ; ಸುಮ್ಮನಿದ್ದರೆ ಆ ಊರಿಗೆ ಎಣ್ಣೆ ಇಲ್ಲ.

"ಅದು ತಪ್ಪು ಸರ್. ತಪ್ಪು ಮಾಡಿದೋಳು ನಾನೇ. ನಿಜವಾಗಿ ನಲವತ್ಮೂರು ಮನೆ."

ಕಂಬಳಿಯ ಕಥೆ ಕೇಳಿ ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಎಲ್ಲರೂ ಅನೀಶ್‌ನ ಕಡೆ ತಿರುಗಿದರು, ನಗು ನಿಂತಿತು.

ಹೊರಗೆ ಕಾರಿಡಾರಿನಲ್ಲಿ ಅವನು ಅಡ್ಡ ಬಂದ. "ಎಂ.ಎಸ್ಸಿ. ಸೀಟಿಗೆ ನಂಗೊಂದು ಪೇಪರ್ ಬೇಕಿತ್ತು. ಎಲ್ಲರೆದುರು ಮಾನ ಕಳೆದ್ಯಲ್ಲೇ! ನಾಳೆ ಮದ್ವೆ ಆದ್ಮೇಲೆ ನಂದು ನಿಂದು ಅಂತ ಬೇರೆ ಇರ್ತಿತ್ತಾ?"

ಮದುವೆ. ಈ ಮಾತಿಗೆ ಕೊಡಬೇಕಾದ ಉತ್ತರವನ್ನು ಅವಳು ಕನ್ನಡಿಯ ಮುಂದೆ ಎಷ್ಟೋ ಸಲ ಅಭ್ಯಾಸ ಮಾಡಿದ್ದಳು. ಈಗ ಅದು ಕಳ್ಳತನಕ್ಕೆ ಸಮಜಾಯಿಷಿಯಾಗಿ ಬಂದಿತ್ತು.

"ಹೆಸರು ಹಾಕ್ಕೊಂಡಿದ್ದನ್ನ ಹೆಂಗಾದ್ರೂ ನುಂಗ್ಕೋತಿದ್ದೆನೇನೋ. ನೀವು ಸೊರಬದವರು ಅನೀಶ್. ಪ್ರಶ್ನೆ ಒಂದ್ಸಲ ಓದಿದ್ರೂ ತಪ್ಪು ಗೊತ್ತಾಗ್ತಿತ್ತು. ಓದ್ಲೇ ಇಲ್ಲ, ಅಲ್ಲೇನ್ರೀ?"

"ಕಡೇ ಪೇಜಲ್ಲಿ ಟೋಟಲ್ ನೋಡ್ದೆ, ಅಷ್ಟೆ," ಎಂದ ಅವನು.

ಎಣ್ಣೆ ಆ ಊರಿಗೇ ಎಂದು ತೀರ್ಮಾನವಾಗಿ, ಹಂಚುವ ತಂಡಕ್ಕೆ ಯಾರು ಲೀಡರ್ ಎಂದು ಎನ್‌ಎಸ್‌ಎಸ್ ನೋಡಿಕೊಳ್ಳುವ ಗುತ್ಯಪ್ಪ ಮೇಷ್ಟ್ರು ಕೇಳಿದಾಗ ಅಶ್ವಿನಿ ಕೈ ಎತ್ತಿದಳು. ಮರುವಾರ ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೂ ಅತ್ತಳು. ಅವನ ಮೇಲೆ ಇನ್ನೂ ಪ್ರೀತಿಯಿತ್ತು, ಅಳು ಬಂದದ್ದೇ ಅದಕ್ಕೆ. ಬಸ್ಸು ನಿಂತಾಗ ನಲ್ಲಿಯಲ್ಲಿ ಮುಖ ತೊಳೆದು ಬಂದು, ಜೊತೆಗಿದ್ದ ಹನ್ನೆರಡು ಮಂದಿಗೆ ಯಾರು ಯಾವ ಕೇರಿಗೆ ಹೋಗಬೇಕೆಂದು ಹೇಳತೊಡಗಿದಳು. "ಉಣುಗು ಅಂತ್ಲೇ ಹೇಳ್ಬೇಕು, ಉಣ್ಣೆ ಅಂತಲ್ಲ," ಎಂದು ಎಲ್ಲರಿಗೂ ಎಚ್ಚರಿಸಿದಳು.