ಅರವತ್ತು ಕಾಯಿಯ ಶೇಷ

"ಹೋಗಿರೋದು ಒಂದೇ ಕಾಯಿ ಟೀಚರ್. ಆದ್ರೂ ದುರ್ಗಯ್ಯನ್ನ ಇವತ್ತೇ ಕೆಲಸ ಬುಡಿಸ್ತೀನಿ," ಎಂದು ಶಿವಮೂರ್ತಿ ಬೆಳಗ್ಗೆಯೇ ಬಂದು ಕೂತ.

ಹಾಲ್ಕುರಿಕೆಯಲ್ಲಿ ಕೋಳಿ ಕಳೆದರೂ ಜನ ಬರುತ್ತಿದ್ದುದು ಗಿರಿಜಾಂಬಿಕಾ ಟೀಚರ್ ಹತ್ತಿರವೇ. ಪಕ್ಕದ ಮನೆಯವಳಾದ ನಾನು ಇಂಥ ವಿಚಾರಣೆಗಳಿಗೆಲ್ಲ ಅವರ ಜೊತೆ ಹೋಗುತ್ತಿದ್ದೆ.

ಕಳೆದದ್ದು ಬಿತ್ತನೆಯ ತೆಂಗಿನಕಾಯಿ. ಶಿವಮೂರ್ತಿಯ ತಂದೆ, ತೀರಿಹೋದ ಹುಚ್ಚಣ್ಣನವರು ಬಾವಿ ಪಕ್ಕದಲ್ಲಿ ನೆಟ್ಟಿದ್ದ ಮರದ್ದು. ಪ್ರತಿ ವರ್ಷ ಅದರ ಕಾಯಿಗಳನ್ನು ಮೂವರು ಗಂಡುಮಕ್ಕಳು ಸಮನಾಗಿ ಹಂಚಿಕೊಂಡು, ಮಿಕ್ಕಿದ್ದರಲ್ಲಿ ಮಗಳು ಯೋಗಿತಾಳನ್ನು ಕರೆಸಿ ಮಡಿಲು ತುಂಬಬೇಕೆಂದು ಅವರೇ ಹೇಳಿಹೋಗಿದ್ದರು.

"ನಿನ್ನೆ ಸಂಜೆ ಅರವತ್ತಿತ್ತು. ಹೋದ ವರ್ಷದ ಥರಾನೇ ಏನೂ ಮಿಗದ ಹಂಗೆ ಸಮ ಬಂದಿತ್ತು. ಈಗ ಐವತ್ತೊಂಬತ್ತು! ಹೊರಗೆ ಮಲಗಿದ್ದೋನು ದುರ್ಗಯ್ಯ ಒಬ್ನೇ ಕಣ್ರೀ."

ನಾವು ಹೋದಾಗ ಮುದುಕ ದುರ್ಗಯ್ಯ ಟವೆಲ್ ಹಿಂಡುತ್ತ ಅಂಗಳದಲ್ಲಿ ತಲೆತಗ್ಗಿಸಿ ನಿಂತಿದ್ದ. ಕಾಯಿ ಇಟ್ಟಿದ್ದ ಕೋಣೆಯ ಬೀಗ ನೆಟ್ಟಗಿತ್ತು. ಅದರ ಕೀಲಿ ತಾಯಿ ಚಿಕ್ಕಗೌರಮ್ಮನವರ ಸೊಂಟದಲ್ಲಿತ್ತು. ಅವರ ಮಂಚದ ಮೇಲೆ ಹೊಸ ಕುಬುಸದ ಬಟ್ಟೆ, ಹಸಿರು ಬಳೆ.

"ಯಾರಿಗಮ್ಮ ಇವು?" ಎಂದು ಟೀಚರ್ ಕೇಳಿದರು.

"ಯಾರಿಗೋ ಬುಡಿ," ಎಂದು ಅವರು ಮುಖ ತಿರುಗಿಸಿದರು.

ಟೀಚರ್ ಎಲ್ಲರನ್ನೂ ಜಗಲಿಗೆ ಕರೆಸಿದರು.

"ಶಿವಮೂರ್ತಿ, ಐವತ್ತೊಂಬತ್ತನ್ನ ಮೂರರಿಂದ ಭಾಗಿಸು."

"ತಲೆಗೆ ಹತ್ತೊಂಬತ್ತು. ಎರಡು ಮಿಗ್ತದೆ."

"ಕಳ್ಳ ಆದೋನು ಒಂದು ಕಾಯಿಗೆ ಯಾಕಪ್ಪಾ ಕೈ ಹಾಕ್ತಾನೆ? ಚೀಲಾನೇ ಹೊತ್ಕೊಂಡು ಹೋಗ್ತಾನೆ. ಬೀಗಾನೂ ಮುರಿದಿಲ್ಲ. ಒಂದು ಹೋಗಿದ್ದಕ್ಕೆ ನಿಮ್ಮ ಮೂವರಿಗೂ ಒಂದೊಂದು ಕಮ್ಮಿ ಆಯ್ತು. ಆದ್ರೆ ಸೊನ್ನೆ ಇದ್ದ ಶೇಷ ಎರಡಾಯ್ತು. ಆ ಶೇಷ ಯಾರ್ದು?"

"ಯೋಗಿತಾದು," ಎಂದ ತಮ್ಮ ರಂಗನಾಥ್, ಮೆಲ್ಲಗೆ.

"ಮಿಕ್ಕಿದ್ರೆ ತಾನೇ ನೀವು ಅವಳನ್ನ ಕರೆಯೋದು? ಹೋದ ವರ್ಷ ಮಿಗಲಿಲ್ಲ, ಕರೀಲೂ ಇಲ್ಲ. ಕೀಲಿ ಇರೋದು ಯಾರತ್ರ, ಬಳೆ ತಂದಿಟ್ಟಿರೋದು ಯಾರು, ನೀವೇ ಯೋಚಿಸಿ."

ಚಿಕ್ಕಗೌರಮ್ಮ ಒಳಗೆ ಹೋಗಿ ರಾಗಿ ತುಂಬಿಡುವ ಮಣ್ಣಿನ ವಾಡೆಯಿಂದ ಕಾಯಿ ತೆಗೆದು ತಂದರು. "ತಪ್ಪಾಯ್ತು ದುರ್ಗಯ್ಯ. ನಿನ್ ಮೇಲೆ ಬತ್ತದೆ ಅಂತ ಅನ್ಕೊಂಡಿರ್ಲಿಲ್ಲ ಕಣಪ್ಪ. ಮಗಳ ಮುಖ ನೋಡ್ಬೇಕು ಅನ್ನಿಸ್ತು." ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಶಿವಮೂರ್ತಿ ಅಂಗಳಕ್ಕಿಳಿದು ದುರ್ಗಯ್ಯನ ಎರಡೂ ಕೈ ಹಿಡಿದುಕೊಂಡ. ಆಮೇಲೆ ತುರುವೇಕೆರೆಯಲ್ಲಿದ್ದ ತಂಗಿಗೆ ಫೋನು ಮಾಡಿದ.

ಮರುದಿನ ಯೋಗಿತಾ ಬಂದಾಗ ಅಂಗಳದಲ್ಲಿ ನಾಲ್ಕು ಗುಡ್ಡೆಗಳಿದ್ದವು, ಒಂದೊಂದರಲ್ಲೂ ಹದಿನೈದು. ಒಂದನ್ನು ಅಣ್ಣ ಅವಳ ಮುಂದಕ್ಕೆ ಸರಿಸಿದ.

"ನಂಗೆ ಎರಡು ಸಾಕಿತ್ತು ಕಣಣ್ಣ."

"ಅದು ಮಿಕ್ಕಿದ್ದು ಕಣೇ," ಎಂದ ಶಿವಮೂರ್ತಿ. "ಇದು ನಿನ್ನ ಪಾಲು."